ಮಾರಾಗೆ ಹೊರಟ ಕನ್ನಡಿಗರಿಗೆ: ನಿಮ್ಮ ಟೆಂಟ್ ಯಾರ ನೆಲದಲ್ಲಿದೆ?

ಕೆನ್ಯಾದ ಮಸಾಯಿ ಮಾರಾ ಅಭಯಾರಣ್ಯಕ್ಕೆ ಹೊರಟಿರುವ ಗೆಳೆಯರಿಗೆ, ಅವರನ್ನು ಗುಂಪು ಕಟ್ಟಿ ಕರೆದುಕೊಂಡು ಹೋಗುವ ಬೆಂಗಳೂರು, ಮೈಸೂರಿನ ಪ್ರವಾಸ ಸಂಘಟಕರಿಗೆ,

ನಮಸ್ಕಾರ.

ಯುಗಾದಿ ಮುಗಿಯುತ್ತಿದ್ದ ಹಾಗೆ ನನ್ನ ಫೋನಿಗೆ ಪೋಸ್ಟರ್‌ಗಳು ಬರಲು ಶುರುವಾಗುತ್ತವೆ. ‘ಮಾರಾ ಮೈಗ್ರೇಶನ್, ಆಗಸ್ಟ್ ಬ್ಯಾಚ್, ಆರೇ ಸೀಟು ಬಾಕಿ.’ ನದಿಗೆ ಹಾರುತ್ತಿರುವ, ದನದ ಹಾಗೆ ಕಾಣುವ ವೈಲ್ಡ್‌ಬೀಸ್ಟ್ ಫೋಟೊ. ಅದರ ಕೆಳಗೆ ದುಡ್ಡಿನಲ್ಲಿ ಏನೇನು ಸೇರಿದೆ ಅನ್ನುವ ಪಟ್ಟಿ. ವಿಮಾನ, ಜೀಪಿನಲ್ಲಿ ಕಿಟಕಿ ಪಕ್ಕದ ಸೀಟು, ಲೆನ್ಸ್ ಇಡಲು ಬೀನ್ ಬ್ಯಾಗ್, ಸಸ್ಯಾಹಾರಿ ಊಟ, ಬೇಕಾದವರಿಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ. ಒಂದು ವಿಷಯ ಮಾತ್ರ ಯಾವ ಪೋಸ್ಟರಿನಲ್ಲೂ ಇರುವುದಿಲ್ಲ. ರಾತ್ರಿ ನಾವು ಮಲಗುವ ಟೆಂಟ್ ಯಾರ ನೆಲದಲ್ಲಿದೆ? ಆ ನೆಲದ ಬಾಡಿಗೆ ಯಾರ ಕೈಗೆ ಹೋಗುತ್ತದೆ?

ಇದೆಲ್ಲ ನಮಗ್ಯಾಕೆ, ಸಿಂಹ ನೋಡಿ ಬಂದರಾಯಿತು ಅಂತ ನಿಮಗೆ ಅನ್ನಿಸಬಹುದು. ಮೊದಲ ಸಲ ಹೋದಾಗ ನನಗೂ ಹಾಗೇ ಅನ್ನಿಸಿತ್ತು.

ಆ ಸಲ ನಾವು ಹನ್ನೊಂದು ಜನ. ಕಡಿಮೆ ದರದ ಪ್ಯಾಕೇಜು. ಅಭಯಾರಣ್ಯದ ಗೇಟಿನ ಹೊರಗೆ, ಬಜಾರಿನ ಪಕ್ಕದಲ್ಲಿ ಸಾಲಾಗಿ ನಿಂತ ಕ್ಯಾಂಪುಗಳಲ್ಲಿ ಒಂದರಲ್ಲಿ ಇಳಿದಿದ್ದೆವು. ಮೂರನೇ ದಿನ ವಲಸೆಯ ಹಿಂಡು ನದಿ ದಾಟುವುದನ್ನು ನೋಡಲು ಹೋದೆವು. ದಡದಲ್ಲಿ ನಿಂತಿದ್ದ ಗಾಡಿಗಳನ್ನು ಎಣಿಸಲು ಶುರು ಮಾಡಿದೆ. ನಲವತ್ತಕ್ಕೆ ಬಂದು ನಿಲ್ಲಿಸಿದೆ. ಹಿಂಡು ಬಂತು, ನೀರಿನ ತನಕ ಇಳಿಯಿತು. ಒಳ್ಳೆಯ ಜಾಗ ಹಿಡಿಯಲು ಹತ್ತಾರು ಗಾಡಿ ಒಟ್ಟಿಗೆ ನುಗ್ಗಿದವು. ಹಿಂಡು ಬೆದರಿ ವಾಪಸ್ ಹೋಯಿತು. ಎಲ್ಲರೂ ಡ್ರೈವರುಗಳನ್ನು ಬೈದುಕೊಂಡರು. ನುಗ್ಗಿದ ಗಾಡಿಗಳಲ್ಲಿ ನಮ್ಮದೂ ಒಂದು. ‘ಮುಂದೆ ಹೋಗಪ್ಪಾ’ ಅಂತ ಡ್ರೈವರಿಗೆ ಹೇಳಿದವರಲ್ಲಿ ನಾನೂ ಒಬ್ಬ.

ನಾಲ್ಕು ವರ್ಷ ಬಿಟ್ಟು ಹೆಂಡತಿ ಮತ್ತು ಭಾವಮೈದನ ಜೊತೆ ಮತ್ತೆ ಹೋದೆ. ಈ ಸಲ ಉಳಿದದ್ದು ನಬೋಯಿಶೋ ಅನ್ನುವ ಕಡೆ. ಅಭಯಾರಣ್ಯಕ್ಕೆ ಅಂಟಿಕೊಂಡೇ ಇರುವ, ಆದರೆ ಸರ್ಕಾರದ್ದಲ್ಲದ ನೆಲ. ನಮ್ಮ ಗೈಡ್ ಇಪ್ಪತ್ತಾರು ಇಪ್ಪತ್ತೇಳರ ಮಸಾಯಿ ಹುಡುಗ. ಮಸಾಯಿಗಳು ಅಂದರೆ ಅಲ್ಲಿನ ದನ ಕಾಯುವ ಜನ. ನನ್ನನ್ನು ‘ಮ್ಜೇ’ ಅನ್ನುತ್ತಿದ್ದ. ಸ್ವಾಹಿಲಿಯಲ್ಲಿ ಹಿರಿಯರನ್ನು ಕರೆಯುವ ಮಾತು, ನಮ್ಮ ಕಡೆ ‘ಯಜಮಾನ್ರೇ’ ಅಂದ ಹಾಗೆ. ಸಂಜೆ ಒಂದು ಸಿಂಹಿಣಿ, ಮೂರು ಮರಿ. ಅಲ್ಲಿದ್ದದ್ದು ನಮ್ಮದೂ ಸೇರಿ ಎರಡೇ ಗಾಡಿ. ಹುಡುಗ ಎದುರಿನ ದಿಣ್ಣೆ ತೋರಿಸಿ, ಅದು ನಮ್ಮಪ್ಪನ ಜಮೀನು ಅಂದ. ನೋಡಿದರೆ ಹುಲ್ಲು, ನಾಲ್ಕು ಜಾಲಿ ಮರ, ಒಂದಿಷ್ಟು ಜೀಬ್ರಾ. ಮೈಸೂರು ಕಡೆಯವನ ಬುದ್ಧಿ ಎಲ್ಲಿ ಹೋಗುತ್ತದೆ? ‘ಏನು ಬೆಳೆ?’ ಅಂತ ಕೇಳಿದೆ.

ಅವನು ನಕ್ಕು ಸಿಂಹಿಣಿಯ ಕಡೆ ಕೈ ಮಾಡಿದ.

ಆ ಉತ್ತರ ತಮಾಷೆಯದ್ದಲ್ಲ, ಲೆಕ್ಕದ್ದು. ಅದು ನನಗೆ ಅರ್ಥವಾಗಲು ಆ ರಾತ್ರಿ ಬೆಂಕಿ ಮುಂದೆ ಕೂತು ಅವನ ಹತ್ತಿರ ಮಾತಾಡಬೇಕಾಯಿತು. ಊರಿಗೆ ಬಂದ ಮೇಲೆ ಓದಿ ತಿಳಿದದ್ದೂ ಒಂದಿಷ್ಟಿದೆ. ಅದನ್ನೇ ಇಲ್ಲಿ ಹೇಳುತ್ತೇನೆ.

ಮಸಾಯಿ ಮಾರಾ ಅಭಯಾರಣ್ಯದ ವಿಸ್ತಾರ ಸುಮಾರು 1,510 ಚದರ ಕಿಲೋಮೀಟರ್. ಅದು ನರೋಕ್ ಕೌಂಟಿ ಸರ್ಕಾರದ ಕೈಯಲ್ಲಿದೆ. ಸುತ್ತ ಬೇಲಿ ಇಲ್ಲ. ಪ್ರಾಣಿಗಳಿಗೆ ಗಡಿಕಲ್ಲು ಓದಲು ಬರುವುದಿಲ್ಲ. ಅವು ಉತ್ತರಕ್ಕೂ ಪೂರ್ವಕ್ಕೂ ಮೇಯುತ್ತಾ ಮಸಾಯಿಗಳ ನೆಲಕ್ಕೆ ಹೋಗುತ್ತವೆ, ಬರುತ್ತವೆ. ಇಡೀ ಕೆನ್ಯಾದಲ್ಲೇ ಕಾಡುಪ್ರಾಣಿಗಳ ಅರ್ಧಕ್ಕಿಂತ ಎಷ್ಟೋ ಜಾಸ್ತಿ ಪಾಲು ಇರುವುದು ಹೀಗೆ ಉದ್ಯಾನಗಳ ಹೊರಗೆ, ದನ ಕಾಯುವವರ ನಡುವೆ.

ಈ ಹೊರಗಿನ ನೆಲ ಮೊದಲು ನಮ್ಮ ಗೋಮಾಳದ ಹಾಗಿತ್ತು. 1968ರ ಒಂದು ಕಾಯ್ದೆ ಅದನ್ನು ‘ಗ್ರೂಪ್ ರಾಂಚ್’ ಅಂತ ಮಾಡಿತು. ಅಂದರೆ ಇಡೀ ಸಮುದಾಯದ ಹೆಸರಲ್ಲಿ ಒಂದೇ ಹಕ್ಕುಪತ್ರ. ಆಮೇಲೆ ಪಾಲು ಮಾಡಿಕೊಳ್ಳುವ ಗಾಳಿ ಬೀಸಿತು. ಮಾರಾದ ಪಕ್ಕದ ಕೊಯಿಯಾಕಿಯಂಥ ಕಡೆ ಮನೆಗೆ ಸುಮಾರು 150 ಎಕರೆಯಂತೆ ಹಿಸ್ಸೆಯಾಯಿತು. ಒಬ್ಬೊಬ್ಬರ ಕೈಗೂ ಪಹಣಿ ಬಂತು ಅಂದುಕೊಳ್ಳಿ.

150 ಎಕರೆ ಅಂದರೆ ನಮ್ಮಲ್ಲಿ ಜಮೀನ್ದಾರ. ಮಳೆ ನೆಚ್ಚಿಕೊಂಡ ಆ ಹುಲ್ಲುಗಾವಲಿನಲ್ಲಿ ಹಾಗಲ್ಲ. ಒಂದು ಕಡೆ ಮಳೆ ಬಿದ್ದರೆ ಇನ್ನೊಂದು ಕಡೆ ಬೀಳುವುದಿಲ್ಲ, ದನ ಹೊಡೆದುಕೊಂಡು ಹೋಗುತ್ತಿರಬೇಕು. ಪಾಲಾದ ನೆಲದಲ್ಲಿ ಅದು ಆಗುವುದಿಲ್ಲ. ಹಾಗಾದಾಗ ಜಮೀನು ಬಂದವನ ಮುಂದೆ ಇರುವ ದಾರಿ ಕೆಲವೇ. ಮಾರಬಹುದು. ತಂತಿ ಬೇಲಿ ಹಾಕಬಹುದು. ಗೋಧಿ ಬೆಳೆಯುವ ದೊಡ್ಡ ರೈತರಿಗೆ ಕೊಡಬಹುದು. ಪಕ್ಕದ ಲೋಯಿಟಾ ಬಯಲಲ್ಲಿ ಇದೇ ಆಯಿತು. ತಾಂಜಾನಿಯಾದ ಸೆರೆಂಗೆಟಿಯಿಂದ ಬರುವ ದೊಡ್ಡ ವಲಸೆ ಎಲ್ಲರಿಗೂ ಗೊತ್ತು. ಲೋಯಿಟಾ ಕಡೆಯಿಂದ ಮಾರಾಗೆ ಬರುತ್ತಿದ್ದ ಇನ್ನೊಂದು ಸಣ್ಣ ವಲಸೆಯೂ ಇತ್ತು. ಅವು ಮರಿ ಹಾಕುತ್ತಿದ್ದ ಬಯಲಿಗೆ ಗೋಧಿ ಬಂತು. 1977ರಿಂದ 20 ವರ್ಷದಲ್ಲಿ ಆ ವೈಲ್ಡ್‌ಬೀಸ್ಟ್‌ಗಳು ಮುಕ್ಕಾಲು ಪಾಲಿಗಿಂತ ಜಾಸ್ತಿ ಕಡಿಮೆಯಾದವು. ಅವನ್ನು ಯಾರೂ ಬೇಟೆಯಾಡಿ ಮುಗಿಸಲಿಲ್ಲ. ಕೆನ್ಯಾದಲ್ಲಿ ಬೇಟೆ 1977ರಲ್ಲೇ ನಿಷೇಧವಾಗಿತ್ತು. ಮುಗಿಸಿದ್ದು ನೇಗಿಲು ಮತ್ತು ತಂತಿ.

ಈ ಹಿನ್ನೆಲೆಯಲ್ಲಿ ಬಂದದ್ದು ಕನ್ಸರ್ವೆನ್ಸಿ, ಅಂದರೆ ಜಮೀನುದಾರರು ಒಟ್ಟಾಗಿ ಕಾಡುಪ್ರಾಣಿಗಳಿಗೆಂದು ಬಿಟ್ಟ ನೆಲ. 2005ರಲ್ಲಿ ಓಲ್ ಕಿನ್ಯೆಯಿ, 2006ರಲ್ಲಿ ಓಲಾರೆ ಓರೋಕ್, 2009ರಲ್ಲಿ ಮಾರಾ ನಾರ್ತ್, 2010ರಲ್ಲಿ ನಬೋಯಿಶೋ. ಈಗ ಮಾರಾದ ಸುತ್ತ ಇಂಥವು ಇಪ್ಪತ್ತಕ್ಕೂ ಹೆಚ್ಚಿವೆ. ಮಸಾಯಿಗಳ ಮಾ ಭಾಷೆಯಲ್ಲಿ ನಬೋಯಿಶೋ ಅಂದರೆ ಒಟ್ಟಾಗುವುದು. ಹೆಸರೇ ಹೇಳುವ ಹಾಗೆ, 500ಕ್ಕೂ ಹೆಚ್ಚು ಜಮೀನುದಾರರು ತಮ್ಮ ಪಾಲುಗಳನ್ನು ಮತ್ತೆ ಒಂದು ಮಾಡಿದರು. ಸುಮಾರು 50,000 ಎಕರೆ ಆಯಿತು. ಅದನ್ನು ಸಫಾರಿ ಕ್ಯಾಂಪುಗಳಿಗೆ ಗುತ್ತಿಗೆ ಕೊಟ್ಟರು. ಸಾಮಾನ್ಯವಾಗಿ 15 ವರ್ಷದ ಕರಾರು, ಈಗೀಗ ಕೆಲವು ಕಡೆ 25. ಹೇಳುವುದು ಸುಲಭ. ಇವರ ಮುತ್ತಾತಂದಿರನ್ನು 1904ರಲ್ಲಿ ಒಮ್ಮೆ, 1911ರಲ್ಲಿ ಮತ್ತೊಮ್ಮೆ ಬ್ರಿಟಿಷರು ‘ಒಪ್ಪಂದ’ ಅಂತ ಹೇಳಿಯೇ ಒಳ್ಳೆಯ ಹುಲ್ಲುಗಾವಲಿಂದ ಎಬ್ಬಿಸಿದ್ದರು. ಅಂಥವರ ಮುಂದೆ ಇನ್ನೊಂದು ಕಾಗದ ಇಟ್ಟು ಹೆಬ್ಬೆಟ್ಟು ಒತ್ತಿ ಅಂದರೆ ಹೇಗಿರಬೇಡ? ನಬೋಯಿಶೋ ಕಟ್ಟುವುದರಲ್ಲಿ ಮುಂದೆ ನಿಂತವರಲ್ಲಿ ಡಿಕ್ಸನ್ ಕಾಯೆಲೊ ಒಬ್ಬರು. ಮಾರಾದಲ್ಲೇ ಬೆಳೆದ ಮಸಾಯಿ. ಹೊರಗಿನವರು ಬಂದು ಹೇಳಿದ್ದರೆ ಆ 500 ಜನ ಒಪ್ಪುತ್ತಿದ್ದರು ಅಂತ ನನಗನ್ನಿಸುವುದಿಲ್ಲ.

ಈಗ ಹುಡುಗನ ಲೆಕ್ಕಕ್ಕೆ ಬರೋಣ. ಕ್ಯಾಂಪಿನವರು ಜಮೀನುದಾರನಿಗೆ ಎಕರೆಗೆ ಇಷ್ಟು ಅಂತ ಕೊಡುತ್ತಾರೆ. ನಮ್ಮಲ್ಲಿ ಗೇಣಿ ಅಂದರೆ ಬಡ ಒಕ್ಕಲು ಒಡೆಯನಿಗೆ ಅಳೆದು ಕೊಡಬೇಕಾಗಿದ್ದ ಭತ್ತ. 1974ರಲ್ಲಿ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಜಾರಿಗೆ ಬರುವವರೆಗೂ ನಮ್ಮ ಅಜ್ಜಂದಿರು ಆ ಮಾತು ಕೇಳಿದರೆ ಮುಖ ಸಣ್ಣದು ಮಾಡುತ್ತಿದ್ದರು. ಅಲ್ಲಿ ಗೇಣಿ ತಿರುಗಿ ಹರಿಯುತ್ತದೆ. ಹೋಟೆಲ್ ಕಂಪನಿ ಒಕ್ಕಲು, ದನ ಕಾಯುವವನು ಒಡೆಯ. ದುಡ್ಡು ಮುಖಂಡರ ಕೈಗೆ ಹೋಗಿ ಇಳಿದು ಬರುವುದಿಲ್ಲ. ತಿಂಗಳು ತಿಂಗಳು ಬ್ಯಾಂಕ್ ಖಾತೆಗೆ ಅಥವಾ ನೇರ ಫೋನಿಗೆ ಬೀಳುತ್ತದೆ. ನಾವು ಫೋನ್‌ಪೇ ಮಾಡಲು ಕಲಿಯುವ ಎಷ್ಟೋ ಮುಂಚೆ, 2007ರಲ್ಲೇ, ಕೆನ್ಯಾದವರಿಗೆ ಫೋನಿನಲ್ಲೇ ದುಡ್ಡು ಕಳಿಸುವ ಎಂ-ಪೆಸಾ ಬಂದಿತ್ತು.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಒಳ್ಳೆಯ ಕರಾರಿನಲ್ಲಿ ಈ ಗೇಣಿ ನಿಗದಿಯಾಗಿರುತ್ತದೆ. ಪ್ರವಾಸಿ ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ. ನನ್ನ ಹೆಂಡತಿ ಇದನ್ನು ಕೇಳಿದ ಕೂಡಲೇ ‘ಹಾಗಾದರೆ ಇದು ಸಂಬಳ ಇದ್ದ ಹಾಗೆ’ ಅಂದಳು. ಸರಿಯಾಗಿಯೇ ಹೇಳಿದಳು. ಮಳೆ ಬಾರದೆ ದನ ಬಡಕಲಾದ ತಿಂಗಳಲ್ಲೂ ಮಗಳ ಶಾಲೆಯ ಫೀಸು ಕಟ್ಟಬಹುದು. ಅದಕ್ಕಾಗಿ ಅರ್ಧ ಬೆಲೆಗೆ ಹಸು ಮಾರಬೇಕಾಗಿಲ್ಲ.

ದುಡ್ಡು ಬರುವುದೇ ನಮ್ಮಂಥವರು ಮಲಗುವ ಹಾಸಿಗೆಯಿಂದ. ಹಾಗಂತ ಹಾಸಿಗೆ ಹೆಚ್ಚಿಸುತ್ತಾ ಹೋಗುವ ಹಾಗಿಲ್ಲ. ಓಲಾರೆ ಓರೋಕ್ ಕನ್ಸರ್ವೆನ್ಸಿಯಲ್ಲಿ 700 ಎಕರೆಗೆ ಒಂದೇ ಟೆಂಟ್ ಅನ್ನುವ ಲೆಕ್ಕ ಇಟ್ಟರು. ಒಂದು ಪ್ರಾಣಿಯ ಹತ್ತಿರ ಐದಕ್ಕಿಂತ ಹೆಚ್ಚು ಗಾಡಿ ನಿಲ್ಲಬಾರದು ಅನ್ನುವ ನಿಯಮ ಇದೆ. ಅದಕ್ಕೇ ನನಗೆ ಎರಡನೇ ಸಲ ಆ ನಲವತ್ತು ಗಾಡಿ ಕಾಣಲಿಲ್ಲ. ಅಭಯಾರಣ್ಯದೊಳಗೆ ಬಿಡದ ಎಷ್ಟೋ ಕೆಲಸ ಇಲ್ಲಿ ಮಾಡಬಹುದು. ರಾತ್ರಿ ಸಫಾರಿ ಇದೆ. ಗೈಡ್ ಜೊತೆ ನಡೆದುಕೊಂಡು ಹೋಗಬಹುದು. ನಡೆಯುವಾಗ ಆನೆ ಹೆಜ್ಜೆಯಲ್ಲಿ ಕಪ್ಪೆ ಕೂತದ್ದು ಕಂಡೆ. ನನಗೆ ಚಿರತೆಗಿಂತ ಅದು ಹೆಚ್ಚು ನೆನಪಿದೆ.

ಫೋಟೊ ತೆಗೆಯುವ ಗೆಳೆಯರಿಗೆ ಇಲ್ಲೊಂದು ಮಾತು. ಕನ್ಸರ್ವೆನ್ಸಿಯಲ್ಲಿ ದನ ಕಾಣುತ್ತವೆ. ಹಾಗೆ ಕಂಡಾಗ ‘ಏನ್ರೀ ಇದು, ಫ್ರೇಮಿನಲ್ಲಿ ಹಸು’ ಅಂತ ದಯವಿಟ್ಟು ಗೊಣಗಬೇಡಿ. ಅದು ಹಸುವಿನದೇ ನೆಲ. ಯಾವ ಬಯಲಿಗೆ ಯಾವಾಗ ದನ ಬಿಡಬೇಕು ಅಂತ ಅವರೇ ಕೂತು ತೀರ್ಮಾನಿಸುತ್ತಾರೆ. ಎತ್ತರಕ್ಕೆ ಬೆಳೆದು ಒರಟಾದ ಹುಲ್ಲನ್ನು ದನ ಮೇಯ್ದರೆ ಕೆಳಗಿಂದ ಎಳೆ ಹುಲ್ಲು ಚಿಗುರುತ್ತದೆ. ಗಸೆಲ್ ಅನ್ನುವ ಸಣ್ಣ ಹುಲ್ಲೆ, ಜೀಬ್ರಾ ಅದನ್ನೇ ಹುಡುಕಿಕೊಂಡು ಬರುತ್ತವೆ. ಅವುಗಳ ಹಿಂದೆ ಚೀತಾ. ನೀವು ದುಡ್ಡು ಕೊಟ್ಟು ನೋಡಲು ಬಂದ ಚೀತಾಗೂ ನೀವು ಬೇಡ ಅಂದ ಹಸುವಿಗೂ ನಂಟಿದೆ.

ಸಿಂಹದ ವಿಷಯ ಅಷ್ಟು ಹಗುರವಾಗಿ ಹೇಳಲಾಗುವುದಿಲ್ಲ. ಮಸಾಯಿ ಹಟ್ಟಿ ಸುತ್ತ ಮುಳ್ಳಿನ ಬೇಲಿ ಇರುತ್ತದೆ. ರಾತ್ರಿ ಸಿಂಹ ವಾಸನೆ ಕೊಟ್ಟರೆ ಒಳಗಿನ ದನ ಬೆದರಿ ಬೇಲಿ ಮುರಿದು ಹೊರಗೆ ಓಡುತ್ತವೆ. ಸಿಂಹಕ್ಕೆ ಅಷ್ಟೇ ಸಾಕು. ಬೆಳಗಾದರೆ ಒಂದು ಹಸು ಇಲ್ಲ. ಹಸು ಅಂದರೆ ಆ ಮನೆಯ ಬ್ಯಾಂಕು, ಮದುವೆಯ ಖರ್ಚು, ಮಕ್ಕಳ ಹಾಲು. ಬಂಡೀಪುರ, ನಾಗರಹೊಳೆ ಅಂಚಿನ ರೈತರು ಹುಲಿ ದಾಳಿಯಾದಾಗ ಸಫಾರಿ ನಿಲ್ಲಿಸಿ ಅಂತ ಕೂಗುವುದನ್ನು ಕೇಳಿದ್ದೀರಲ್ಲ. ಜೀಪಿನಲ್ಲಿ ಬರುವವರಿಗೆ ಹುಲಿ, ನಮಗೆ ಹೆಣ ಅನ್ನುವ ಸಿಟ್ಟು ಅದು. ಅಲ್ಲೂ ಅದೇ ಸಿಟ್ಟು.

2015ರ ಡಿಸೆಂಬರಿನಲ್ಲಿ ಮಾರಾದ ಮಾರ್ಷ್ ಪ್ರೈಡ್ ಅನ್ನುವ ಹೆಸರುವಾಸಿ ಸಿಂಹದ ಗುಂಪಿಗೆ ಯಾರೋ ವಿಷ ಹಾಕಿದರು. ದನ ಕೊಂದದ್ದಕ್ಕೆ ಸೇಡು. ಜಗತ್ತಿನ ಎಷ್ಟೋ ಜನ ಟಿವಿಯಲ್ಲಿ ನೋಡಿ ಗುರುತಿಟ್ಟುಕೊಂಡಿದ್ದ ಬೀಬಿ ಅನ್ನುವ ಸಿಂಹಿಣಿ ಸತ್ತಳು. ಇನ್ನೂ ಕೆಲವು ಸಿಂಹಗಳಿಗೆ ಪಶುವೈದ್ಯರು ಓಡಿ ಬಂದು ಚಿಕಿತ್ಸೆ ಕೊಟ್ಟರು. ಇದು ನಡೆದದ್ದು ಕಾವಲುಗಾರರಿರುವ ಅಭಯಾರಣ್ಯದ ಅಂಚಿನಲ್ಲೇ. ಮಾರು ದೂರದ ಕನ್ಸರ್ವೆನ್ಸಿಗಳಲ್ಲಿ ಏನಾಗುತ್ತಿತ್ತು? 2016ರಲ್ಲಿ ಮಾರಾದ ಸಿಂಹಗಳ ಮೇಲೆ ಒಂದು ಅಧ್ಯಯನ ಬಂತು. ಕನ್ಸರ್ವೆನ್ಸಿಗಳಲ್ಲಿ ಸಿಂಹಗಳು ಬದುಕಿ ಉಳಿಯುವುದು ವರ್ಷದಿಂದ ವರ್ಷಕ್ಕೆ ಹೆಚ್ಚಾಗಿತ್ತು. ಅದಕ್ಕೆ ತಳುಕು ಹಾಕಿಕೊಂಡದ್ದು ಸುತ್ತ ಎಷ್ಟು ಮನೆಗಳು ಕನ್ಸರ್ವೆನ್ಸಿಯ ಸದಸ್ಯರಾಗಿವೆ ಅನ್ನುವ ಸಂಗತಿ. ಹಸು ಸತ್ತ ಬೆಳಿಗ್ಗೆ ವಿಷದ ಡಬ್ಬಿ ಕೈಗೆತ್ತಿಕೊಳ್ಳುವ ಮುಂಚೆ ಆ ಮನೆಯವರು ತಿಂಗಳ ಗೇಣಿ ನೆನೆಸಿಕೊಳ್ಳುತ್ತಾರೆ ಅಂತ ನಾನು ಅರ್ಥ ಮಾಡಿಕೊಂಡೆ. ಸಿಟ್ಟು ಹೋಗುವುದಿಲ್ಲ. ಸಿಟ್ಟಿನ ಎದುರಿಗೆ ಇಡಲು ಏನೋ ಒಂದು ಇರುತ್ತದೆ.

ನಮ್ಮ ಹುಡುಗ ಓದಿದ್ದು ಕೊಯಿಯಾಕಿ ಗೈಡಿಂಗ್ ಶಾಲೆಯಲ್ಲಿ. 2005ರಲ್ಲಿ ಊರ ಹುಡುಗ ಹುಡುಗಿಯರಿಗೆಂದೇ ಶುರುವಾದದ್ದು. ಅದಕ್ಕೂ ಮುಂಚೆ ಮಾರಾದ ಕ್ಯಾಂಪುಗಳಲ್ಲಿ ಮಸಾಯಿಗಳಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ರಾತ್ರಿ ಕಾವಲು, ಶುಕಾ ಅನ್ನುವ ಕೆಂಪು ಬಟ್ಟೆ ಹೊದ್ದು ಬಾಗಿಲಲ್ಲಿ ನಿಲ್ಲುವ ಕೆಲಸ. ಈಗ ಹಕ್ಕಿಯ ಲ್ಯಾಟಿನ್ ಹೆಸರು ಹೇಳಿ ನನ್ನ ಭಾವಮೈದನ ಬಾಯಿ ಮುಚ್ಚಿಸುತ್ತಾರೆ. ಅವನು ಇಪ್ಪತ್ತು ವರ್ಷದಿಂದ ರಂಗನತಿಟ್ಟಿಗೆ ಹೋಗುವವನು, ಸುಮ್ನೆ ಸೋಲುವವನಲ್ಲ.

ಇಷ್ಟು ಹೊಗಳಿದ ಮೇಲೆ ಇದರ ಹುಳುಕನ್ನೂ ಹೇಳಬೇಕು. ಇಲ್ಲವಾದರೆ ಇದೂ ಒಂದು ಪೋಸ್ಟರ್ ಆಗುತ್ತದೆ.

ಜಮೀನು ಹೆಚ್ಚಾಗಿ ಗಂಡಸರ ಹೆಸರಲ್ಲಿದೆ. ಗೇಣಿ ಬೀಳುವುದೂ ಅವರ ಫೋನಿಗೇ. ಆ ದುಡ್ಡಿನಲ್ಲಿ ಎಷ್ಟು ಮನೆಗೆ ಬರುತ್ತದೆ, ಎಷ್ಟು ಬಜಾರಿನಲ್ಲೇ ಕರಗುತ್ತದೆ ಅನ್ನುವುದು ಆಯಾ ಗಂಡಸಿಗೆ ಬಿಟ್ಟದ್ದು. ಹೆಂಗಸರ ಕೈಗೆ ನೇರ ದುಡ್ಡು ಬರುವುದು ಮಣಿ ಪೋಣಿಸುವ ಕೆಲಸದಿಂದ. ಮಾ ಟ್ರಸ್ಟ್‌ನಂಥ ಸಂಸ್ಥೆಗಳು ಅದನ್ನು ಒಂದು ಕಸುಬಾಗಿ ಕಟ್ಟಲು ನೋಡುತ್ತಿವೆ. ಹಿಸ್ಸೆಯ ಹೊತ್ತಿಗೆ ಜಮೀನೇ ಸಿಗದವರಿಗೆ ಗೇಣಿಯೂ ಇಲ್ಲ. ಅವರ ದನಕ್ಕೆ ಹುಲ್ಲಿನ ನಿರ್ಬಂಧ ಮಾತ್ರ ಇದೆ. ಅವರು ಕನ್ಸರ್ವೆನ್ಸಿಯನ್ನು ಬೈದರೆ ನಾನಂತೂ ತಪ್ಪು ಅನ್ನಲಾರೆ.

ಎಲ್ಲ ಕನ್ಸರ್ವೆನ್ಸಿಯೂ ಜನರದ್ದೇ ಅಂತ ನಂಬುವ ಹಾಗೂ ಇಲ್ಲ. ಉತ್ತರ ಕೆನ್ಯಾದಲ್ಲಿ ಎರಡು ಕನ್ಸರ್ವೆನ್ಸಿಗಳನ್ನು ಜನರನ್ನು ಸರಿಯಾಗಿ ಕೇಳದೆ ಮಾಡಲಾಗಿದೆ, ಅದು ಕಾನೂನಿಗೆ ವಿರುದ್ಧ ಅಂತ 2025ರ ಜನವರಿಯಲ್ಲಿ ಇಸಿಯೊಲೊದ ನ್ಯಾಯಾಲಯ ತೀರ್ಪು ಕೊಟ್ಟಿತು. ಬೋರ್ಡಿನ ಮೇಲೆ ‘ಸಮುದಾಯ’ ಅಂತ ಬರೆದ ಮಾತ್ರಕ್ಕೆ ಆಗುವುದಿಲ್ಲ. ಸಹಿ ಯಾರದ್ದು, ಖಾತೆ ಯಾರದ್ದು ಅನ್ನುವುದು ಮುಖ್ಯ.

ಇನ್ನು ಕೋವಿಡ್. 2020ರ ಮಾರ್ಚಿನಲ್ಲಿ ವಿಮಾನ ನಿಂತವು. ನಿಗದಿ ಗೇಣಿ ಅಂದೆನಲ್ಲ, ಕ್ಯಾಂಪೇ ಖಾಲಿ ಬಿದ್ದರೆ ಕೊಡುವವರು ಎಲ್ಲಿಂದ ತರಬೇಕು? ಎಷ್ಟೋ ಕಡೆ ಗೇಣಿ ಇಳಿಸಿದರು. ದಾನಿಗಳ ಹತ್ತಿರ ಕೈ ಚಾಚಿ ಬಾಗಿಲು ಮುಚ್ಚದ ಹಾಗೆ ನೋಡಿಕೊಂಡರು. ಒಂದೇ ಬೆಳೆ ನೆಚ್ಚಿಕೊಂಡ ರೈತನ ಪಾಡು ನಮಗೆ ಗೊತ್ತೇ ಇದೆ. ಸಿಂಹವೂ ಒಂದೇ ಬೆಳೆ.

ಮಾರಾದ್ದು ಬಾಡಿಗೆಗೆ ಕೊಟ್ಟ ಲೆಕ್ಕ. ಮನೆ ಕಟ್ಟಿ ತಾವೇ ನಡೆಸುವವರೂ ಇದ್ದಾರೆ. ಕೆನ್ಯಾದ ಲೈಕಿಪಿಯಾದಲ್ಲಿ ಇಲ್ ಎನ್ಗ್ವೇಸಿ ಅನ್ನುವ ಮಸಾಯಿ ಸಮುದಾಯ 1996ರ ಕೊನೆಯಲ್ಲಿ ಸ್ವಂತ ಲಾಡ್ಜ್ ತೆರೆಯಿತು. ಆರು ಕೋಣೆ. ಊರವರೇ ಅಲ್ಲಿನ ಮರದ ಬೊಡ್ಡೆ, ಹುಲ್ಲಿನಿಂದ ಕಟ್ಟಿದ್ದು. ಲಾಡ್ಜಿನ ಲಾಭ ಶಾಲೆಗೆ, ನೀರಿಗೆ, ಆಸ್ಪತ್ರೆಗೆ. 2002ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಸ್ವಂತದ್ದಾದರೆ ಲಾಭ ಪೂರ್ತಿ ನಮ್ಮದು ಅನ್ನುವುದು ಸರಿ. ಆದರೆ ಪಂಪು ಕೆಟ್ಟರೆ, ಅಡುಗೆಯವರು ಬಿಟ್ಟು ಹೋದರೆ, ಲಂಡನ್ನಿನ ಬುಕಿಂಗ್ ರದ್ದಾದರೆ ತಲೆನೋವೂ ನಮ್ಮದೇ.

ನಮೀಬಿಯಾದ ಗ್ರೂಟ್‌ಬರ್ಗ್ ಲಾಡ್ಜ್ ಇದಕ್ಕೆ ಒಂದು ದಾರಿ ಕಂಡುಕೊಂಡಿತು. 2005ರಲ್ಲಿ ತೆರೆದ ಅದರ ಒಡೆತನ ಪೂರ್ತಿ ಊರವರ ಕನ್ಸರ್ವೆನ್ಸಿಯದ್ದು. ನಡೆಸುವ ಕೆಲಸ ಮಾತ್ರ ಅನುಭವವಿರುವ ಕಂಪನಿಗೆ. 2022ರಲ್ಲಿ ಮಧ್ಯಪ್ರದೇಶದ ಕುನೊಗೆ ಬಂದ ಮೊದಲ 8 ಚೀತಾ ನಮೀಬಿಯಾದ್ದೇ ಅಂತ ನಿಮಗೆ ನೆನಪಿರಬಹುದು. ಆ ದೇಶದಲ್ಲಿ ಸ್ವಾತಂತ್ರ್ಯಕ್ಕೆ ಮುಂಚೆ ಬಿಳಿಯ ರೈತರಿಗೆ ಮಾತ್ರ ತಮ್ಮ ಜಮೀನಿನ ಕಾಡುಪ್ರಾಣಿಗಳ ಮೇಲೆ ಹಕ್ಕಿತ್ತು. 1990ರಲ್ಲಿ ಸ್ವಾತಂತ್ರ್ಯ ಬಂತು. 1996ರ ತಿದ್ದುಪಡಿ ಅದೇ ಹಕ್ಕನ್ನು ಸಮುದಾಯದ ನೆಲದಲ್ಲಿರುವ ಕಪ್ಪು ಜನರಿಗೂ ಕೊಟ್ಟಿತು. 1998ರಲ್ಲಿ ಮೊದಲ ನಾಲ್ಕು ಕನ್ಸರ್ವೆನ್ಸಿ ನೋಂದಣಿಯಾದವು. ಈಗ 86. ದೇಶದ ನೆಲದ ಹತ್ತಿರ ಹತ್ತಿರ ಐದನೇ ಒಂದು ಭಾಗ. ಕಾನೂನಿನಲ್ಲಿ ಒಂದು ಮಾತು ನನಗೆ ಬಹಳ ಹಿಡಿಸಿತು. ಬಂದ ಲಾಭವನ್ನು ಹೇಗೆ ಹಂಚುತ್ತೇವೆ ಅಂತ ಮೊದಲೇ ಬರೆದುಕೊಡದಿದ್ದರೆ ನೋಂದಣಿಯೇ ಇಲ್ಲ. ಅಲ್ಲಿ ಪರವಾನಗಿ ಬೇಟೆಯಿಂದಲೂ ಹಣ ಬರುತ್ತದೆ, ಅದು ನನಗೆ ಇನ್ನೂ ಗಂಟಲಲ್ಲಿ ಇಳಿಯದ ವಿಷಯ. ಇಳಿಯಬೇಕಾದದ್ದು ನನ್ನ ಗಂಟಲಲ್ಲಿ ಅಲ್ಲ ಅಂತ ಅಲ್ಲಿನವರು ಅಂದರೂ ಅನ್ನಬಹುದು.

ಗೊರಿಲ್ಲಾ ನೋಡಲು ಹೋಗುವವರಿಗೂ ಒಂದು ಮಾತು. ರುವಾಂಡದಲ್ಲಿ 2017ರಿಂದ ಪರ್ಮಿಟ್ಟಿಗೆ 1,500 ಡಾಲರ್. ಉದ್ಯಾನಗಳ ವರಮಾನದಲ್ಲಿ 10% ಸುತ್ತಲ ಊರುಗಳಿಗೆ ಅಂತ ಸರ್ಕಾರವೇ ಎತ್ತಿಡುತ್ತದೆ. ಅದು ಒಳ್ಳೆಯದೇ, ಆದರೆ ಅದು ಮೇಲಿಂದ ಕೊಡುವ ಪಾಲು, ಕೆಳಗಿನವರ ಒಡೆತನವಲ್ಲ. ಉಗಾಂಡದ ಬ್ವಿಂಡಿ ಕಾಡಿಗೆ ಹೋದರೆ ಬಟ್ವಾ ಜನರ ಬಗ್ಗೆ ಕೇಳಿ. ಆ ಕಾಡಿನಲ್ಲೇ ಬದುಕುತ್ತಿದ್ದವರು. 1991ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾದಾಗ ಹೊರಗೆ ಬಿದ್ದರು. ಗೊರಿಲ್ಲಾಗಳ ಸಂಖ್ಯೆ ಹೆಚ್ಚಿದ ಕಥೆ ಹೇಳುವವರು ಇವರ ಕಥೆಗೆ ಬಂದಾಗ ಟೀ ಕುಡಿಯಲು ಏಳುತ್ತಾರೆ.

ಸರಿ, ದುಡ್ಡಿನ ಮಾತಿಗೆ ಬರೋಣ. ‘ಕನ್ಸರ್ವೆನ್ಸಿ ಎಲ್ಲ ದುಬಾರಿ ಸಾರ್, ನಮ್ಮ ಗಿರಾಕಿಗಳಿಗೆ ಆಗಲ್ಲ’ ಅಂತ ಸಂಘಟಕರು ಹೇಳುತ್ತಾರೆ. ದುಬಾರಿ ನಿಜ. ರಾತ್ರಿಗೆ ಕನ್ಸರ್ವೆನ್ಸಿ ಶುಲ್ಕವೇ 100 ಡಾಲರ್ ದಾಟುವುದು ಸಾಮಾನ್ಯ, ಕ್ಯಾಂಪಿನ ದರ ಬೇರೆ. ಆದರೆ ಇನ್ನೊಂದು ಪಕ್ಕದ ಲೆಕ್ಕವನ್ನೂ ಹಾಕಿ. 2024ರಿಂದ ಮಾರಾ ಅಭಯಾರಣ್ಯದ ಪ್ರವೇಶಕ್ಕೆ ವಿದೇಶಿಯರು ಜುಲೈನಿಂದ ಡಿಸೆಂಬರ್ ತನಕ ದಿನಕ್ಕೆ 200 ಡಾಲರ್ ಕೊಡಬೇಕು. ಜನವರಿಯಿಂದ ಜೂನ್ ತನಕ 100. ಆಗಸ್ಟಿನಲ್ಲಿ ಗೇಟಿನ ಹೊರಗೆ ಅಗ್ಗದ ಕೋಣೆ ಹಿಡಿದು ಐದು ದಿನ ಒಳಗೆ ಹೋಗಿ ಬಂದರೆ ಬರೀ ಗೇಟಿಗೇ 1,000 ಡಾಲರ್. ಕನ್ಸರ್ವೆನ್ಸಿಯಲ್ಲಿ ಉಳಿದು ಅಲ್ಲೇ ಸುತ್ತಿದರೆ ಈ ಗೇಟಿನ ದುಡ್ಡು ಇಲ್ಲ. ಎರಡು ರಾತ್ರಿ ಅಲ್ಲಿ ಉಳಿದು, ಒಂದೇ ದಿನ ನದಿಗೆ ಅಂತ ಒಳಗೆ ಹೋಗಿ ಬಂದರೆ ಅಂತರ ನೀವು ಹೆದರಿದಷ್ಟು ಇರುವುದಿಲ್ಲ.

ಇನ್ನೂ ಒಂದು ದಾರಿ ಇದೆ. ಫೆಬ್ರವರಿಯಲ್ಲಿ ಹೋಗಿ. ವಲಸೆ ಇರುವುದಿಲ್ಲ. ಸಿಂಹ, ಚಿರತೆ, ಚೀತಾ, ಆನೆ, ಜಿರಾಫೆ ಯಾವುದೂ ವಲಸೆ ಹೋಗಿರುವುದಿಲ್ಲ. ಕ್ಯಾಂಪುಗಳ ದರ ಇಳಿದಿರುತ್ತದೆ. ಖಾಲಿ ಹಾಸಿಗೆಯಿಂದ ಗೇಣಿ ಹುಟ್ಟಿಸಲು ಒದ್ದಾಡುವ ತಿಂಗಳಲ್ಲಿ ನೀವು ಬಂದರೆ ಅದರ ಬೆಲೆಯೇ ಬೇರೆ. ಆಗಸ್ಟಿನಲ್ಲಿ ನೀವು ಹೋಗದಿದ್ದರೆ ಆ ಸೀಟಿಗೆ ಇನ್ನೊಬ್ಬರು ಇದ್ದೇ ಇರುತ್ತಾರೆ.

ಹೋಗುವ ಗೆಳೆಯರೇ, ಮುಂಗಡ ಕಟ್ಟುವ ಮುಂಚೆ ಕೇಳಿ. ಕ್ಯಾಂಪ್ ಯಾವ ಕನ್ಸರ್ವೆನ್ಸಿಯಲ್ಲಿದೆ? ‘ಮಾರಾ ಹತ್ತಿರವೇ’ ಅನ್ನುವುದು ಉತ್ತರವಲ್ಲ, ಹೆಸರು ಬೇಕು. ಜಮೀನುದಾರರಿಗೆ ಗೇಣಿ ನಿಗದಿಯೋ, ಬಂದವರ ತಲೆ ಎಣಿಸಿ ಕೊಡುವುದೋ? ಗೈಡ್ ಆ ಊರಿನವನೋ, ನೈರೋಬಿಯಿಂದ ಗಾಡಿ ಓಡಿಸಿಕೊಂಡು ಬರುವವನೋ? ಮಸಾಯಿ ಹಳ್ಳಿ ತೋರಿಸುತ್ತೇವೆ ಅಂದರೆ ತಲೆಗೆ ಎಷ್ಟು ಅಂತ ಕೇಳಿ, ಸಾಧ್ಯವಾದರೆ ಆ ದುಡ್ಡನ್ನು ಹಟ್ಟಿಯವರ ಕೈಗೇ ಕೊಡಿ. ನಡುವೆ ಡ್ರೈವರುಗಳು ದೊಡ್ಡ ಪಾಲು ಹೊಡೆಯುತ್ತಾರೆ ಅನ್ನುವುದು ಅಲ್ಲಿ ಹಳೆಯ ದೂರು. ಮಣಿಸರಕ್ಕೆ ಚೌಕಾಸಿ ಮಾಡಿ, ಬೇಡ ಅನ್ನುವುದಿಲ್ಲ, ಅದು ನಮ್ಮ ರಕ್ತದಲ್ಲೇ ಇದೆ. ಕೊನೆಗೆ ಕೊಳ್ಳಿ ಅಷ್ಟೇ.

ಸಂಘಟಕರೇ, ನಿಮ್ಮನ್ನು ಕೇಳುವುದು ಒಂದೇ. ಕಿಟಕಿ ಸೀಟು, ಬೀನ್ ಬ್ಯಾಗ್, ಬೆಳ್ಳುಳ್ಳಿ ಇಲ್ಲದ ಸಾರು ಎಲ್ಲ ಹಾಕುವ ಆ ಪೋಸ್ಟರಿನಲ್ಲಿ ಇನ್ನೊಂದು ಸಾಲು ಸೇರಿಸಿ. ‘ವಾಸ್ತವ್ಯ: ಇಂಥ ಕನ್ಸರ್ವೆನ್ಸಿ, ಇಷ್ಟು ರಾತ್ರಿ.’ ಗಿರಾಕಿಗಳು ಕೇಳುವುದಿಲ್ಲ ಅಂತ ನೀವು ಹಾಕುತ್ತಿಲ್ಲ, ನೀವು ಹಾಕುತ್ತಿಲ್ಲ ಅಂತ ಗಿರಾಕಿಗಳಿಗೆ ಗೊತ್ತಾಗುತ್ತಿಲ್ಲ. ವರ್ಷಕ್ಕೆ ನಾಲ್ಕೈದು ಗುಂಪು ಕರೆದುಕೊಂಡು ಹೋಗುವವರು ಒಂದೇ ಕನ್ಸರ್ವೆನ್ಸಿಯ ಜೊತೆ ಮಾತಾಡಿಕೊಂಡರೆ ದರವೂ ಇಳಿಸಬಹುದು. ಅವರಿಗೂ ಖಚಿತವಾಗಿ ಬರುವ ಗುಂಪು ಬೇಕಾಗಿರುತ್ತದೆ.

ಬರುವ ಫೆಬ್ರವರಿಗೆ ನಮ್ಮ ಓಣಿಯ ಎಂಟು ಜನ ಹೊರಡುವ ಮಾತಾಡಿಕೊಂಡಿದ್ದೇವೆ. ಇಬ್ಬರು ನಿವೃತ್ತ ಮೇಷ್ಟ್ರು, ಒಬ್ಬರು ಕಣ್ಣಿನ ಡಾಕ್ಟರು, ಉಳಿದವರು ನಮ್ಮಂಥವರು. ಯಾರ ಜೊತೆ ಹೋಗಬೇಕು ಅಂತ ಇನ್ನೂ ತೀರ್ಮಾನವಾಗಿಲ್ಲ. ಆ ಒಂದು ಸಾಲು ಇರುವ ಪೋಸ್ಟರ್ ಯಾರ ಹತ್ತಿರವಾದರೂ ಇದ್ದರೆ ಕಳಿಸಿ.

ಇಂತಿ,
ಎರಡು ಸಲ ಮಾರಾ ನೋಡಿ ಬಂದ ಒಬ್ಬ ಮೈಸೂರಿನವ